ಜನರ ಹಣದಲ್ಲಿ ಜನರಿಗಾಗಿಯೇ ಕಟ್ಟಿದ ಮೊದಲ ಪಾರ್ಕ್ ಯಾವುದು? ಅಲ್ಲಿ ಈಗ ಏನೇನಿದೆ?

ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕ್. ಲಿವರ್‌ಪೂಲ್‌ನ ಎದುರು, ಮರ್ಸಿ ನದಿಯ ಆಚೆ ದಡದ ಊರಿನಲ್ಲಿದೆ. 1847ರ ಏಪ್ರಿಲ್‌ನಲ್ಲಿ ತೆರೆಯಿತು. ಅದಕ್ಕೂ ಮೊದಲು ಪಾರ್ಕ್‌ಗಳು ಇರಲಿಲ್ಲ ಅಂತಲ್ಲ. ಆದರೆ ಹೆಚ್ಚಿನವು ರಾಜರದ್ದೋ ಶ್ರೀಮಂತರದ್ದೋ ಆಗಿದ್ದವು, ಜನರನ್ನು ಒಳಗೆ ಬಿಟ್ಟರೆ ಅದು ಅವರ ದೊಡ್ಡ ಮನಸ್ಸು, ಅಷ್ಟೇ.

ನನಗೆ ಇಷ್ಟವಾಗುವುದು ಇದನ್ನು ಕಟ್ಟಿದ ರೀತಿ. ಜಾಗ ನೀರು ನಿಲ್ಲುವ ಜೌಗು ನೆಲ. ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಅಲ್ಲಿ ಕೆರೆ ತೋಡಿಸಿದರು, ತೆಗೆದ ಮಣ್ಣನ್ನೇ ಸುತ್ತ ಗುಡ್ಡೆ ಹಾಕಿಸಿ ಗಿಡ ನೆಡಿಸಿದರು. ನೀರೂ ಇಳಿಯಿತು, ದಿಬ್ಬಗಳೂ ಸಿಕ್ಕವು. ಖರ್ಚಿಗೆ ಇನ್ನೊಂದು ಉಪಾಯ: ಪಾರ್ಕಿನ ಅಂಚಿನ ಜಾಗವನ್ನು ಮನೆ ಸೈಟುಗಳಾಗಿ ಮಾರುವುದು. ಇವತ್ತಿನ ‘ಪಾರ್ಕ್ ಫೇಸಿಂಗ್’ ಸೈಟು ಹೊಸದೇನಲ್ಲ, ಅಲ್ವಾ! ಗಾಡಿಗಳಿಗೆ ಬೇರೆ ದಾರಿ, ನಡೆಯುವವರಿಗೆ ಬೇರೆ ದಾರಿ ಅಂತಲೂ ಆಗಲೇ ಯೋಚಿಸಿದ್ದರು.

1850ರಲ್ಲಿ ಇಲ್ಲಿಗೆ ಬಂದ ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಬೆರಗಾದರು. ಮುಂದೆ ಕ್ಯಾಲ್ವರ್ಟ್ ವಾಕ್ಸ್ ಜೊತೆ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ರೂಪಿಸಿದವರು ಇವರೇ.

ಈಗಲೂ ಪ್ರವೇಶ ಉಚಿತ. ಕೆರೆ, ದೋಣಿ ಇಡಲು ಕಟ್ಟಿದ ಕಲ್ಲಿನ ಮನೆ, ಮೇಲೆ ಚಾವಣಿ ಇರುವ ಮರದ ಸ್ವಿಸ್ ಸೇತುವೆ, ಕ್ರಿಕೆಟ್ ಮೈದಾನ, ಮಕ್ಕಳ ಆಟದ ಜಾಗ, ಕೆಫೆ ಇವೆ. ಸುಮ್ನೆ ನಡೆದಾಡಲು ಬರುವವರಿಗೂ ಕೊರತೆಯಿಲ್ಲ.