ಅಡಾಪ್ಟರ್ ಇಲ್ಲದೆ ಕೀಬೋರ್ಡಿನ ಪವರ್ ಸಾಕೆಟ್ ನೋಡೋದು ಹೇಗೆ?

ಪ್ರಶ್ನೆ: ನಮ್ಮೂರ ಭಜನೆ ಮನೆಗೆ ಒಬ್ಬರು ಹಳೇ ಕೀಬೋರ್ಡ್ ಕೊಟ್ಟಿದ್ದಾರೆ. ಅಡಾಪ್ಟರ್ ಇಲ್ಲ. ತಳದಲ್ಲಿ 9 ವೋಲ್ಟ್ ಅಂತ ಬರೆದಿದೆ, ಪಕ್ಕದ ಪ್ಲಸ್ ಮೈನಸ್ ಗುರುತು ಅಳಿಸಿಹೋಗಿದೆ. ಆರು ಸೆಲ್ ಹಾಕಿದರೆ ಚೆನ್ನಾಗಿ ನುಡಿಯುತ್ತದೆ. ವೈಫೈ ರೂಟರಿನ ಅಡಾಪ್ಟರ್ ಸರಿಯಾಗಿ ಕೂರುತ್ತೆ, ಹಾಕಿ ನೋಡೋಣ ಅಂತಾನೆ ಅಕ್ಕನ ಮಗ. ಹಾಕಬಹುದಾ ಸರ್? ಹೊಸದು ಕೊಳ್ಳುವ ಮೊದಲು ಸಾಕೆಟ್ ಸರಿ ಇದೆಯಾ ಅಂತ ತಿಳಿಯೋದು ಹೇಗೆ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ದಯವಿಟ್ಟು ಹಾಕಬೇಡಿ. ಪಿನ್ ಕೂತ ಮಾತ್ರಕ್ಕೆ ಕರೆಂಟ್ ಒಗ್ಗುವುದಿಲ್ಲ. ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟಿನದು, ನಡುವೆ ಪ್ಲಸ್. ಹಳೇ ಕೀಬೋರ್ಡ್‌ಗಳಲ್ಲಿ ಎಷ್ಟೋ ನಡುವೆ ಮೈನಸ್ ಇರುವಂಥವು. ವೋಲ್ಟೂ ಜಾಸ್ತಿ, ದಿಕ್ಕೂ ಉಲ್ಟಾ ಆದರೆ ಒಳಗಿನ ಬೋರ್ಡ್ ಸುಟ್ಟುಹೋಗಬಹುದು. ಮೈಸೂರಿನ ನನ್ನ ರಿಪೇರಿ ಮೇಜಿನ ಮೇಲೆ ಹಾಗೆ ಸುಟ್ಟವನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ನಿಮ್ಮ ಕೀಬೋರ್ಡ್ ಸೆಲ್‌ನಲ್ಲಿ ನುಡಿಯುತ್ತಿದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬೋರ್ಡ್ ಚೆನ್ನಾಗಿದೆ. ಇಂಥ ಸಾಕೆಟ್‌ನಲ್ಲಿ ಹೆಚ್ಚಾಗಿ ಮೂರು ಕಾಲು ಇರುತ್ತವೆ. ನಡುವಿನ ಪಿನ್ನಿಗೆ ಒಂದು, ಪಕ್ಕದ ತಗಡಿನ ಪಟ್ಟಿಗೆ ಒಂದು. ಮೂರನೆಯದು ಸ್ವಿಚ್ ಇದ್ದ ಹಾಗೆ: ಅಡಾಪ್ಟರ್ ಚುಚ್ಚಿದ ಕೂಡಲೇ ಸೆಲ್‌ನ ಸಂಪರ್ಕ ಬಿಡಿಸುತ್ತದೆ. ಚುಚ್ಚದೇ ಇದ್ದಾಗ ಸೆಲ್ ಪೆಟ್ಟಿಗೆಗೂ ಸಾಕೆಟ್‌ಗೂ ನೇರ ನಂಟು ಇರುತ್ತದೆ. ಅದನ್ನೇ ನಾವು ಬಳಸಿಕೊಳ್ಳೋದು.

ವೋಲ್ಟೂ ಸಂಪರ್ಕವೂ ನೋಡುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಮೊದಲು ಸೆಲ್ ಇರುವಾಗಲೇ, ಪೆಟ್ಟಿಗೆಯ ಯಾವ ಎರಡು ತುದಿಗಳ ನಡುವೆ ಸುಮಾರು 9 ವೋಲ್ಟ್ ಬರುತ್ತದೆ ಅಂತ ಅಳೆದು, ಪ್ಲಸ್ ಯಾವುದು ಮೈನಸ್ ಯಾವುದು ಗುರುತು ಹಾಕಿ. ಆಮೇಲೆ ಸೆಲ್ ತೆಗೆಯಿರಿ. ಮೀಟರನ್ನು, ಸಂಪರ್ಕ ಇದ್ದರೆ ಬೀಪ್ ಕೂಗುವ ಸ್ಥಾನಕ್ಕೆ ತಿರುಗಿಸಿ. ಒಂದು ಕಡ್ಡಿ ಸಾಕೆಟ್‌ನ ನಡು ಪಿನ್ನಿಗೆ, ಇನ್ನೊಂದು ಪೆಟ್ಟಿಗೆಯ ಮೈನಸ್ ತುದಿಗೆ. ಕೂಗಿದರೆ ನಡುವೆ ಮೈನಸ್. ಪ್ಲಸ್ ತುದಿಯ ಜೊತೆ ಕೂಗಿದರೆ ನಡುವೆ ಪ್ಲಸ್. ಅಳಿಸಿಹೋದ ಗುರುತು ಹೀಗೆ ವಾಪಸ್ ಸಿಗುತ್ತದೆ! ಪಕ್ಕದ ಪಟ್ಟಿ ಇನ್ನೊಂದು ತುದಿಯ ಜೊತೆ ಕೂಗಬೇಕು. ಯಾವುದಕ್ಕೂ ಕೂಗದಿದ್ದರೆ ಸಾಕೆಟ್ ಸತ್ತಿದೆ ಅಂತ ತೀರ್ಮಾನಿಸಬೇಡಿ. ಕೆಲವದರಲ್ಲಿ ದಾರಿಯಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುತ್ತದೆ, ಬೀಪ್ ಬರುವುದಿಲ್ಲ.

ಈಗ ಸಾಕೆಟ್ ಗಟ್ಟಿ ಇದೆಯಾ ನೋಡಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವೈರ್ ಸಹಿತ ಬಿಡಿ ಪಿನ್ ಸಿಗುತ್ತದೆ. ಹೊರಗಿನ ಅಳತೆ 5.5 ಮಿಲಿಮೀಟರ್ ಇದ್ದರೂ ಒಳಗಿನ ತೂತು 2.1 ಮತ್ತು 2.5 ಅಂತ ಎರಡು ಥರ ಇರುತ್ತದೆ, ಕೀಬೋರ್ಡನ್ನೇ ತೆಗೆದುಕೊಂಡು ಹೋಗಿ. ಪಿನ್ ಚುಚ್ಚಿ, ಒಂದು ಕಡ್ಡಿ ಪಿನ್ನಿನ ನಡು ವೈರಿಗೆ, ಇನ್ನೊಂದು ಮೊದಲು ನಡು ಪಿನ್ನಿನ ಜೊತೆ ಕೂಗಿದ ಪೆಟ್ಟಿಗೆಯ ತುದಿಗೆ ಹಿಡಿದು, ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ. ಬೀಪ್ ಬಿಟ್ಟು ಬಿಟ್ಟು ಬಂದರೆ ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿದೆ ಅಥವಾ ಒಳಗೆ ಸಡಿಲವಾಗಿದೆ. ಬೆಸುಗೆಯಾದರೆ ಮತ್ತೆ ಹಾಕಿಸಿದರೆ ಮುಗಿಯಿತು. ಪಿನ್ನಿನ ಎರಡೂ ವೈರ್ ನಡುವೆಯೂ ಒಮ್ಮೆ ನೋಡಿ. ಕ್ಷಣ ಕೂಗಿ ನಿಂತರೆ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ) ತುಂಬಿಕೊಂಡಿದ್ದು, ಹೆದರಬೇಡಿ. ಎಡೆಬಿಡದೆ ಕೂಗಿದರೆ ಶಾರ್ಟ್, ಕರೆಂಟ್ ಕೊಡಲೇಬಾರದು.

ಅಡಾಪ್ಟರ್ ಕೊಳ್ಳುವಾಗ 9 ವೋಲ್ಟ್ ಡಿಸಿ ಇರಲಿ. ಆಂಪಿಯರ್ ತಳದಲ್ಲಿ ಬರೆದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ. ನಡುವೆ ಮೈನಸ್ ಅಂತ ಗೊತ್ತಾದರೆ ‘ಸೆಂಟರ್ ನೆಗೆಟಿವ್’ ಅಂತಲೇ ಕೇಳಿ, ಸುಮ್ನೆ ಕೇಳಿದರೆ ಬೇರೆಯದೇ ಕೊಟ್ಟುಬಿಡುತ್ತಾರೆ. ಭಾರವಾದ ಹಳೇ ಟ್ರಾನ್ಸ್‌ಫಾರ್ಮರ್ ಥರದ್ದು ಬೇಡ, ಮೇಲೆ 9 ಅಂತ ಇದ್ದರೂ ಏನೂ ಜೋಡಿಸದೇ ಇದ್ದಾಗ 12ಕ್ಕೂ ಮೇಲೆ ಏರುವುದುಂಟು. ಅಂಗಡಿಯಲ್ಲೇ ಮೀಟರ್ ಹಿಡಿದು ವೋಲ್ಟೂ ದಿಕ್ಕೂ ನೋಡಿ ತನ್ನಿ. ಅಲ್ಲಿಯವರೆಗೆ ಭಜನೆ ಸೆಲ್‌ನಲ್ಲೇ ನಡೆಯಲಿ.