ಹುಡುಗನನ್ನು ಬೆಂಚಿಗೆ ಕೂರಿಸುವ ಮಾತು

ಆಟದ ಅಂಗಳ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗಳು, ಅಳಿಯ ಅಮೆರಿಕದ ಷಾರ್ಲೆಟ್‌ನಲ್ಲಿದ್ದಾರೆ. 2024ರಲ್ಲಿ ನಾನೂ ನನ್ನ ಮನೆಯವರೂ ಕೆಲವು ತಿಂಗಳು ಅಲ್ಲಿದ್ದೆವು. ಸೆಪ್ಟೆಂಬರ್ 15ರ ಭಾನುವಾರ ಅಳಿಯಂದಿರು ನನ್ನನ್ನೂ ಮೊಮ್ಮಗನನ್ನೂ ಅಮೆರಿಕನ್ ಫುಟ್‌ಬಾಲ್ ನೋಡಲು ಕರೆದುಕೊಂಡು ಹೋದರು. ಆ ಊರಿನ ಕೆರೊಲಿನಾ ಪ್ಯಾಂಥರ್ಸ್ ತಂಡ 26–3ರಲ್ಲಿ ಸೋತಿತು. ಮಾರನೇ ದಿನವೇ ಕೋಚ್ 23 ವರ್ಷದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ನನ್ನು ಕೂರಿಸಿ, 36 ವರ್ಷದ ಆ್ಯಂಡಿ ಡಾಲ್ಟನ್‌ಗೆ ಜಾಗ ಕೊಟ್ಟರು. ಮೊಮ್ಮಗ ಯಂಗ್‌ನ 9ನೇ ನಂಬರಿನ ಜೆರ್ಸಿ ಹಾಕಿಕೊಂಡೇ ಅತ್ತ. ಈಗ ಅವನು ರಜೆಗೆ ಮೈಸೂರಿಗೆ ಬಂದಿದ್ದಾನೆ. ಜೆರ್ಸಿ ಗಿಡ್ಡ ಆಗಿದೆ, ಆದರೂ ಬಿಡಲ್ಲ. ಓವಲ್ ಮೈದಾನಕ್ಕೂ ಅದನ್ನೇ ಹಾಕಿಕೊಂಡು ಬರುತ್ತಾನೆ. "ತಾತ, ಎರಡೇ ಮ್ಯಾಚಿಗೆ ಯಾಕೆ ತೆಗೆದರು?" ಎಂದು ಇನ್ನೂ ಕೇಳುತ್ತಾನೆ. ನನಗೆ ಉತ್ತರ ಗೊತ್ತಿಲ್ಲ. ಕೋಚ್ ಮಾಡಿದ್ದು ಸರಿಯಾ?
– ನಿವೃತ್ತ ಬ್ಯಾಂಕ್ ನೌಕರ, ಸರಸ್ವತಿಪುರಂ, ಮೈಸೂರು

ಉತ್ತರ: ಮೊದಲು ಮೊಮ್ಮಗನಿಗೆ ಒಂದು ಲೆಕ್ಕ ಹೇಳಿ. ಎರಡು ಮ್ಯಾಚ್ ಅಲ್ಲ, ಹದಿನೆಂಟು. ಯಂಗ್ 2023ರಲ್ಲಿ 16 ಪಂದ್ಯ ಶುರು ಮಾಡಿದ್ದ. ಗೆದ್ದಿದ್ದು ಎರಡು. 2024ರ ಮೊದಲ ಪಂದ್ಯದಲ್ಲಿ 47–10ರ ಸೋಲು. ಆಮೇಲೆ ನೀವು ಕಣ್ಣಾರೆ ಕಂಡದ್ದು. ಹಾಗಾಗಿ ಕೋಚ್ ದುಡುಕಿದರು ಅಂತ ನಾನು ಹೇಳಲಾರೆ. ಆದರೆ ಸರಿಯಾ ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಸುತ್ತಿಕೊಂಡು ಬರಬೇಕು.

ಉಳಿದ ಓದುಗರಿಗಾಗಿ ಈ ಕ್ವಾರ್ಟರ್‌ಬ್ಯಾಕ್ ಅಂದರೆ ಯಾರು ಎಂದು ಹೇಳಿಬಿಡುತ್ತೇನೆ. ನಮ್ಮ ವಾಲಿಬಾಲ್‌ನ ಸೆಟ್ಟರ್ ಇದ್ದಾನಲ್ಲ, ಹೆಚ್ಚುಕಮ್ಮಿ ಅವನೇ. ಸ್ಮ್ಯಾಶ್ ಹೊಡೆದು ಶಿಳ್ಳೆ ಗಿಟ್ಟಿಸುವವನು ಬೇರೆ. ಆದರೆ ಬಾಲ್ ಯಾರಿಗೆ, ಯಾವ ಎತ್ತರಕ್ಕೆ, ಯಾವ ಕ್ಷಣಕ್ಕೆ ಹೋಗಬೇಕು ಎಂದು ತೀರ್ಮಾನ ಮಾಡುವವನು ಸೆಟ್ಟರ್. ಅಮೆರಿಕದ ಆಟದಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ರೇಡಿಯೊ ಇರುತ್ತದೆ. ಕೋಚ್ ಅದರಲ್ಲಿ ಪ್ಲಾನ್ ಹೇಳುತ್ತಾರೆ. ಪ್ರತಿ ಸಲ ಬಾಲ್ ಆಟಕ್ಕಿಳಿಸಲು ಕೊಡುವ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೊ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಅವನೊಬ್ಬನೇ. ಬಾಲ್ ಕೈಗೆ ಬಂದ ಮೇಲೆ ಎರಡು ಮೂರು ಸೆಕೆಂಡು. ಎದುರಿನಿಂದ ನೂರಿಪ್ಪತ್ತು ಕೆಜಿ ಆಳುಗಳು ನುಗ್ಗುತ್ತಿರುತ್ತಾರೆ. ಅವನ ಕಣ್ಣು ಮಾತ್ರ ದೂರದಲ್ಲಿ ಓಡುವ ತನ್ನವರ ಮೇಲೇ ಇರಬೇಕು.

ಯಂಗ್‌ನ ಕಥೆಯಲ್ಲಿ ನನಗೆ ಸಂಕಟ ಆಗುವುದು ಇಲ್ಲೇ. ಮೊದಲ ವರ್ಷ ಅವನನ್ನು ಬಾಲ್ ಸಮೇತ ನೆಲಕ್ಕೆ ಕೆಡವಿದ್ದು 62 ಸಲ. ಒಂದೇ ಸೀಸನ್ನಿನಲ್ಲಿ! ಕೆಡವಿಸಿಕೊಳ್ಳದಂತೆ ಕಾಯಬೇಕಾದ ಮುಂದಿನ ಸಾಲು ಗಟ್ಟಿ ಇರಲಿಲ್ಲ. ಸೀಸನ್ನಿನ ನಡುವೆಯೇ ಕೋಚ್ ಬದಲಾದರು. ಅಲ್ಲಿ ಹೊಸ ಆಟಗಾರರನ್ನು ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ; ಇವನನ್ನು ಆ ಸರದಿಯ ಮೊದಲ ಆಯ್ಕೆಯಾಗಿ ತರಲು ತಂಡ ಕೊಟ್ಟ ಬೆಲೆಯೂ ಇತ್ತು. ಒಬ್ಬ ಒಳ್ಳೆಯ ಆಟಗಾರನನ್ನೂ ಮುಂದಿನ ವರ್ಷಗಳ ಆಯ್ಕೆಯ ಹಕ್ಕುಗಳನ್ನೂ ಚಿಕಾಗೋ ಬೇರ್ಸ್‌ಗೆ ಬಿಟ್ಟುಕೊಟ್ಟಿದ್ದರು. ಅಷ್ಟು ಏಟು ತಿಂದ ಹುಡುಗನ ಕಣ್ಣು ಏನಾಗುತ್ತದೆ ಗೊತ್ತಾ? ದೂರದಿಂದ ಹತ್ತಿರಕ್ಕೆ ಇಳಿಯುತ್ತದೆ. ತನ್ನವರನ್ನು ನೋಡುವ ಬದಲು ನುಗ್ಗಿ ಬರುವವರನ್ನು ನೋಡಲು ಶುರುಮಾಡುತ್ತಾನೆ. ಆಮೇಲೆ ಯಾರೂ ನುಗ್ಗದಿದ್ದರೂ ಹೆದರುತ್ತಾನೆ.

ನಾನು ಇದನ್ನು ಟಿವಿಯಲ್ಲಿ ನೋಡಿ ಕಲಿತದ್ದಲ್ಲ. 1998ರಲ್ಲಿ ಪಾಂಡವಪುರದ ಹತ್ತಿರದ ಒಂದು ಊರಿನ ವಾಲಿಬಾಲ್ ಟೀಮಿಗೆ ನಾನು ಕೋಚ್ ಆಗಿದ್ದೆ. ಹಗಲು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು, ಸಂಜೆ ಈ ಹುಡುಗರು. ನಮ್ಮ ಸೆಟ್ಟರ್‌ಗೆ ಹತ್ತೊಂಬತ್ತು ವರ್ಷ. ಕೈ ಅಂದರೆ ಅದು ಕೈ. ಬಾಲ್ ಅವನ ಬೆರಳಿಗೆ ತಾಗಿ ಹೋದರೆ ಸದ್ದೇ ಬರುತ್ತಿರಲಿಲ್ಲ. ಗಣೇಶನ ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಎರಡು ಕಡೆ ರೆಫ್ರಿ ಅವನಿಗೆ ಪದೇ ಪದೇ ಡಬಲ್, ಅಂದರೆ ಬಾಲ್ ಎರಡು ಸಲ ಕೈಗೆ ತಾಗಿತು ಎಂಬ ತಪ್ಪು, ಕೊಟ್ಟರು. ಜನ ಕೂಗಿದರು. ಅಲ್ಲಿಂದ ಅವನ ಆಟ ಚಿಕ್ಕದಾಯಿತು. ಮಧ್ಯಕ್ಕೆ ಕೊಡುತ್ತಿದ್ದ ಚುರುಕು ಬಾಲ್ ನಿಂತಿತು. ಬಂದ ಬಾಲನ್ನೆಲ್ಲ ಎಡಗಡೆ ಮೂಲೆಗೆ ಎತ್ತರಕ್ಕೆ ಎತ್ತಿ ಹಾಕುತ್ತಿದ್ದ. ಅದಾದರೆ ತಪ್ಪಾಗಲ್ಲ, ಯಾರೂ ಬೈಯಲ್ಲ. ಆದರೆ ಎದುರಿನ ಇಬ್ಬರು ಬ್ಲಾಕರ್‌ಗಳು ಅಲ್ಲಿ ಮೊದಲೇ ಹೋಗಿ ಕಾಯುತ್ತಿದ್ದರು. ಸತತ ನಾಲ್ಕು ಪಂದ್ಯ ಸೋತೆವು.

ಐದನೆಯದಕ್ಕೆ ನಾನು ಮೂವತ್ತೊಂಬತ್ತು ವರ್ಷದ ಸಾರಿಗೆ ಬಸ್ ಡ್ರೈವರ್ ಒಬ್ಬರನ್ನು ಕರೆಸಿದೆ. ಎಲ್ಲರೂ ಡ್ರೈವರಣ್ಣ ಅನ್ನುತ್ತಿದ್ದರು. ಮೊಣಕಾಲು ನೋವಿತ್ತು, ಜಿಗಿತ ಇರಲಿಲ್ಲ. ಆದರೆ ಗಡಿಬಿಡಿ ಅನ್ನುವುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಕರೆಸಿದ್ದು ತಪ್ಪಲ್ಲ. ತಪ್ಪು ಮಾಡಿದ್ದು ಬೇರೆ. ಹುಡುಗನಿಗೆ ನಾನು ಒಂದು ಮಾತೂ ಹೇಳಲಿಲ್ಲ. ಹೇಗೆ ಹೇಳುವುದು ಎಂದು ತೋಚದೆ ಮುಂದೂಡುತ್ತಾ ಹೋದೆ. ಮೈಕಿನಲ್ಲಿ ಆಟಗಾರರ ಹೆಸರು ಓದಿದಾಗಲೇ ಅವನಿಗೆ ಗೊತ್ತಾಗಿದ್ದು. ಆಗ ಅವನು ಕಂಬದ ಲೈಟಿನ ಕೆಳಗೆ ಕೂತು ಬೆರಳಿಗೆ ಬಿಳಿ ಟೇಪ್ ಸುತ್ತಿಕೊಳ್ಳುತ್ತಿದ್ದ. ಎಂಟು ಬೆರಳು ಮುಗಿದಿತ್ತು. ಹೆಸರು ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತ. ಆಮೇಲೆ ಒಂದೊಂದೇ ಬೆರಳಿನ ಟೇಪ್ ಬಿಚ್ಚಿದ. ಎಲ್ಲವನ್ನೂ ಉಂಡೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡ. ಆ ಉಂಡೆ ಪಂದ್ಯ ಮುಗಿಯುವವರೆಗೂ ಅವನ ಕೈಯಲ್ಲೇ ಇತ್ತು.

ಆಗ 15 ಪಾಯಿಂಟಿನ ಸೆಟ್. ಮೂರೂ ಸೆಟ್ ಆಡಿ ಗೆದ್ದೆವು. ಊರಿನವರು ನನ್ನನ್ನು ಹೊಗಳಿದರು. ಹುಡುಗ ಒಂದು ತಿಂಗಳು ಮೈದಾನದ ಕಡೆ ಬರಲಿಲ್ಲ. ಹುಡುಕಿಕೊಂಡು ಆಲೆಮನೆಗೆ ಹೋದೆ. ಕೊಪ್ಪರಿಗೆ ಮುಂದೆ ನಿಂತು ಮಡ್ಡಿ ತೆಗೆಯುತ್ತಿದ್ದ. "ಬನ್ನಿ ಸಾ" ಅಂದು ಕುಡಿಯಲು ಕಬ್ಬಿನ ಹಾಲು ಕೊಟ್ಟ. ಬೇರೆ ಮಾತಿಲ್ಲ.

ಅವನನ್ನು ವಾಪಸ್ ತಂದಿದ್ದು ನಾನಲ್ಲ, ಡ್ರೈವರಣ್ಣ. ಒಂದು ಸಂಜೆ ಕೊನೇ ಟ್ರಿಪ್ಪಿನಲ್ಲಿ ಅವನನ್ನು ಹತ್ತಿಸಿಕೊಂಡು ಇಂಜಿನ್ ಬಾನೆಟ್ ಮೇಲೆ ಕೂರಿಸಿ ಮಾತಾಡುತ್ತಾ ಬಂದರಂತೆ. ಮಾರನೇ ದಿನ ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಬಂದರು. ಆಮೇಲಿನ ಪಂದ್ಯಗಳಲ್ಲಿ ಡ್ರೈವರಣ್ಣ ಆಡುವಾಗ ಹುಡುಗನನ್ನು ನೆಟ್ ಕಂಬದ ಪಕ್ಕ ನಿಲ್ಲಿಸುತ್ತಿದ್ದರು. "ನನ್ನ ಕೈ ನೋಡಬೇಡ ಕಣೋ. ಆ ಕಡೆ ಮಧ್ಯದ ಬ್ಲಾಕರ್ ಕಾಲು ನೋಡು. ಅವನ ಕಾಲು ಎಡಕ್ಕೆ ವಾಲಿದರೆ ನನಗೆ ಕೂಗಿ ಹೇಳು." ಅಷ್ಟೇ ಕೆಲಸ. ಎರಡು ವಾರದಲ್ಲಿ ಹುಡುಗ ಬಾಲ್ ಬರುವ ಮೊದಲೇ ಕೂಗುತ್ತಿದ್ದ. ಕೈ ಅವನದು ಮೊದಲೇ ಚೆನ್ನಾಗಿತ್ತು. ಕೆಟ್ಟಿದ್ದು ಕಣ್ಣು. ಅದನ್ನು ಡ್ರೈವರಣ್ಣ ಬೆಂಚಿನ ಪಕ್ಕದಲ್ಲೇ ರಿಪೇರಿ ಮಾಡಿದರು. ಮರು ವರ್ಷ ಅವನೇ ನಮ್ಮ ಸೆಟ್ಟರ್.

ಈಗ ನಿಮ್ಮ ಮೊಮ್ಮಗನ ಆಟಗಾರನಿಗೆ ಬರೋಣ. ಡಾಲ್ಟನ್ ಮೊದಲ ಪಂದ್ಯದಲ್ಲಿ ಲಾಸ್ ವೇಗಸ್‌ನಲ್ಲಿ ಪಾಸ್‌ಗಳಲ್ಲಿ ಒಟ್ಟು 319 ಗಜ ಗಳಿಸಿದರು, ಮೂರು ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿಸುವುದು, ನಮ್ಮ ಗೋಲಿನಂತೆ) ಪಾಸ್ ಕೊಟ್ಟರು, ತಂಡ 36–22ರಲ್ಲಿ ಗೆದ್ದಿತು. ನೋಡಿ, ಅನುಭವ ಅಂದರೆ ಇದು ಎಂದು ಎಲ್ಲರೂ ಅಂದರು. ಆಮೇಲೆ ನಾಲ್ಕು ಪಂದ್ಯ ಸಾಲಾಗಿ ಸೋತಿತು. ಹಿರಿಯನನ್ನು ತಂದರೆ ತಂಡದ ಹುಳುಕೆಲ್ಲ ಮುಚ್ಚುವುದಿಲ್ಲ. ಅಷ್ಟರಲ್ಲಿ ಡಾಲ್ಟನ್ ಕುಟುಂಬದ ಕಾರು ಅಪಘಾತವಾಗಿ ಅವರ ಹೆಬ್ಬೆರಳಿಗೆ ಪೆಟ್ಟಾಯಿತು. ಅಕ್ಟೋಬರ್ 27ಕ್ಕೆ ಯಂಗ್ ವಾಪಸ್ ಬಂದ. ಅದೂ ಸೋಲೇ. ಆದರೆ ಅದರ ಮುಂದಿನದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮೇಲೆ, 47–10ರಲ್ಲಿ ಬಡಿದಿದ್ದ ಅದೇ ಸೇಂಟ್ಸ್ ಮೇಲೆ, 23–22ರ ಗೆಲುವು. ಜರ್ಮನಿಯ ಮ್ಯೂನಿಕ್‌ನಲ್ಲಿ ಇನ್ನೊಂದು. 2025ರ ಜನವರಿ 5ರಂದು ಸೀಸನ್ನಿನ ಕೊನೆಯ ಪಂದ್ಯ, ಅಟ್ಲಾಂಟಾದಲ್ಲಿ ಹೆಚ್ಚುವರಿ ಸಮಯಕ್ಕೆ ಹೋಗಿ 44–38ರಲ್ಲಿ ಗೆದ್ದರು. ಯಂಗ್ ಮೂರು ಟಚ್‌ಡೌನ್ ಎಸೆದ, ಎರಡು ತಾನೇ ಓಡಿ ತಂದ. ಆ ಪಂದ್ಯ ಸಿಕ್ಕರೆ ಮೊಮ್ಮಗನ ಜೊತೆ ಕೂತು ನೋಡಿ. ಅವನ ತಲೆ ಎಲ್ಲಿ ತಿರುಗುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ.

ಬೆಂಚೇ ಅವನನ್ನು ಸರಿಮಾಡಿತಾ? ನನ್ನ ಅಭಿಪ್ರಾಯ ಕೇಳಿದರೆ, ಬೆಂಚು ಯಾರನ್ನೂ ಸರಿಮಾಡಲ್ಲ. ಏಟು ಬೀಳದ ಐದು ವಾರ ಸಿಕ್ಕಿತು. ತನ್ನದೇ ಜಾಗದಲ್ಲಿ ಅನುಭವಸ್ಥನೊಬ್ಬ ಆಡುವುದನ್ನು ಹತ್ತಿರದಿಂದ ನೋಡಿದ. ಆ ವರ್ಷ ತಂಡ ಮುಂದಿನ ಸಾಲಿಗೆ ದುಡ್ಡು ಸುರಿದು ಇಬ್ಬರು ಗಟ್ಟಿ ಆಳುಗಳನ್ನು ತಂದಿತ್ತು, ಅದೂ ಕೈಹಿಡಿಯಿತು. ಇಷ್ಟೂ ಸೇರಿ ಆಗಿದ್ದು.

ಇದಕ್ಕೆ ಸೂತ್ರ ಇಲ್ಲ ಸಾರ್. ಪೇಟನ್ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ 1998ರಲ್ಲಿ, ಮೊದಲ ವರ್ಷದಲ್ಲೇ, ಎದುರಾಳಿಗಳ ಕೈಗೆ 28 ಸಲ ಬಾಲ್ ಎಸೆದ. ತಂಡ 16ರಲ್ಲಿ 13 ಸೋತಿತು. ಆದರೂ ಅವನನ್ನು ತೆಗೆಯಲಿಲ್ಲ. ಮರು ವರ್ಷ 13 ಗೆದ್ದರು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್‌ನನ್ನು 2003ರಲ್ಲಿ ಕೂರಿಸಿ 41 ವರ್ಷದ ಡಗ್ ಫ್ಲೂಟಿಯನ್ನು ಆಡಿಸಿದರು. ಬ್ರೀಸ್ ಮರು ವರ್ಷವೇ ಮಿಂಚಿದ, ಮುಂದೆ 2010ರ ಫೆಬ್ರವರಿಯಲ್ಲಿ ಸೇಂಟ್ಸ್‌ಗೆ ಸೂಪರ್ ಬೌಲ್, ಅಂದರೆ ಅಲ್ಲಿನ ಲೀಗಿನ ಫೈನಲ್, ಗೆದ್ದುಕೊಟ್ಟ. ನನಗೆ ಹಿಡಿಸದೇ ಇರುವುದು ಇಂಡಿಯಾನಾಪೊಲಿಸ್‌ನಲ್ಲಿ 2024ರಲ್ಲಿ ನಡೆದದ್ದು. ಆ್ಯಂಟನಿ ರಿಚರ್ಡ್‌ಸನ್‌ನನ್ನು ಕೂರಿಸಿ 39ರ ಜೋ ಫ್ಲ್ಯಾಕೊಗೆ ಬಾಲ್ ಕೊಟ್ಟರು. ಎರಡು ಪಂದ್ಯ ಸೋತ ಕೂಡಲೇ ಮತ್ತೆ ರಿಚರ್ಡ್‌ಸನ್. ಎರಡು ವಾರದಲ್ಲಿ ಹುಡುಗ ಏನು ಕಲಿಯಬೇಕು? ಅವನಿಗೂ ನೆಮ್ಮದಿ ಇಲ್ಲ, ಹಿರಿಯನಿಗೂ ಇಲ್ಲ.

ನೀವು ಮೈಸೂರಿನವರು, ಕಾಯುವುದು ಅಂದರೆ ಏನು ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಆದರೆ ಭಾರತದ ನೆಲದಲ್ಲಿ ಟೆಸ್ಟ್ ಆಡಿದ್ದು 1994ರ ಕೊನೆಗೆ. ಆ ವರ್ಷ ಫೆಬ್ರವರಿಯಲ್ಲಿ ಕಪಿಲ್ ದೇವ್ ಹ್ಯಾಡ್ಲಿಯವರ 431 ವಿಕೆಟ್‌ಗಳ ದಾಖಲೆ ದಾಟಿದಾಗ ಊರೆಲ್ಲ ಪಟಾಕಿ ಹೊಡೆದರು, ನಾನೂ ಹೊಡೆದೆ. ಒಳಗೊಳಗೇ ನಮ್ಮ ಹುಡುಗನ ಸರದಿ ಯಾವಾಗ ಅನ್ನಿಸುತ್ತಿತ್ತು. ಶ್ರೀನಾಥ್ ಆಟ ಕೆಟ್ಟು ಹೊರಗೆ ಕೂತವರಲ್ಲ, ಆ ವ್ಯತ್ಯಾಸ ಇದೆ. ಆದರೂ 236 ಟೆಸ್ಟ್ ವಿಕೆಟ್ ಎಂದು ಓದುವಾಗಲೆಲ್ಲ ಆ ವರ್ಷಗಳು ನೆನಪಾಗುತ್ತವೆ.

ಹಾಗಾಗಿ ನನ್ನ ಉತ್ತರ: ಕೂರಿಸಿದ್ದು ಸರಿ. ಮೊಮ್ಮಗ ಅತ್ತದ್ದೂ ಸರಿ. ಜೆರ್ಸಿ ಬಿಚ್ಚದೇ ಇದ್ದಾನಲ್ಲ, ಅದು ಎಲ್ಲಕ್ಕಿಂತ ಸರಿ.

ಪ್ರಶ್ನೆ: ಅಮೆರಿಕದ ಈ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಬರುತ್ತದೆ ಅಂತ ಫ್ರೆಂಡ್ಸ್ ಹೇಳ್ತಾರೆ. ನಿಜವಾ ಸರ್?
– ಪಿಯುಸಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಿಜ ಕಣಮ್ಮ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದರದೇ ಒಂದು ಬಗೆಯಾದ ಫ್ಲ್ಯಾಗ್ ಫುಟ್‌ಬಾಲ್ ಇದೆ. ಹೆಣ್ಣುಮಕ್ಕಳಿಗೂ ಇದೆ. ಒಂದು ಕಡೆ ಐದು ಜನ. ಕೆಡವುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಪಟ್ಟಿ ಕಿತ್ತರೆ ಸಾಕು, ಅಲ್ಲಿಗೆ ಓಟ ನಿಂತಿತು. ನಿಮ್ಮ ಕಾಲೇಜಿನ ಕಬಡ್ಡಿ ಹುಡುಗಿಯರಿಗೆ ಮೈ ತಪ್ಪಿಸುವುದು ಚೆನ್ನಾಗಿ ಗೊತ್ತಿರುತ್ತದೆ. ಒಂದು ಸಂಜೆ ಆಡಿ ನೋಡಿ.

ಪ್ರಶ್ನೆ: ನಮ್ಮ ವಾಲಿಬಾಲ್ ಟೀಮಿನ ಸೆಟ್ಟರ್ ಚಿಕ್ಕವನು. ಮೂರು ಪಂದ್ಯದಿಂದ ಕೈಕೊಡುತ್ತಿದ್ದಾನೆ. ಮುಂದಿನ ಭಾನುವಾರದ ಟೂರ್ನಮೆಂಟಿಗೆ ಹಳಬರೊಬ್ಬರನ್ನು ಇಳಿಸಬೇಕು ಎಂದು ಎಲ್ಲರೂ ಹೇಳ್ತಾರೆ. ನಾನು ಕ್ಯಾಪ್ಟನ್. ಏನು ಮಾಡಲಿ?
– ಮದ್ದೂರು

ಉತ್ತರ: ಇಳಿಸಿ. ಆದರೆ ಪತ್ರಿಕೆ ಕೈಗೆ ಬಂದ ದಿನವೇ ಆ ಹುಡುಗನ ಮನೆಗೆ ಹೋಗಿ, ಫೋನ್ ಬೇಡ. ಮೈದಾನದಲ್ಲಿ ನಾಲ್ಕು ಜನರ ಮುಂದೆಯೂ ಬೇಡ. ಯಾಕೆ ಅನ್ನುವುದನ್ನು ನೇರವಾಗಿ ಹೇಳಿ, ಸುಮ್ನೆ ಸುತ್ತಿ ಬಳಸಿ ಹೇಳಬೇಡಿ. ಎಷ್ಟು ಪಂದ್ಯ ಅನ್ನುವುದನ್ನೂ ಹೇಳಿ, ಹೇಳಿದ್ದನ್ನು ಉಳಿಸಿಕೊಳ್ಳಿ. ಆ ಹಳಬರನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಪಂದ್ಯದ ಹೊತ್ತಿನಲ್ಲಿ ಹುಡುಗನಿಗೆ ನೋಡುವ ಕೆಲಸ ಒಂದನ್ನು ವಹಿಸಿ, ಬ್ಲಾಕರ್ ಕಾಲು ಆದರೂ ಸರಿ. ಭಾನುವಾರ ಬೆರಳಿಗೆ ಟೇಪ್ ಸುತ್ತಿಕೊಂಡೇ ಬರಲು ಹೇಳಿ. ಕೊನೇ ಪಾಯಿಂಟ್ ಆಗುವವರೆಗೂ ಬಿಚ್ಚಬಾರದು ಎಂದೂ ಹೇಳಿ.