ಬೆಲ್ಲದಿಂದ ಬಂದ ಕಾಯಿಲೆಯಲ್ಲ

ಪ್ರಶ್ನೆ: ಒಂಬತ್ತು ವರ್ಷದ ಮಗ ತಿಂಗಳಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿ, ಸೊರಗಿಹೋದ. ಈಗ ಟೈಪ್ 1 ಮಧುಮೇಹವೆಂದು ತಿಳಿದಿದೆ. ನಮ್ಮ ಮನೆತನದಲ್ಲಿ ಯಾರಿಗೂ ಇದಿಲ್ಲ. ಆಲೆಮನೆಯ ಬಿಸಿಬೆಲ್ಲ ತಿಂದದ್ದೇ ಕಾರಣವೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಪಾಪ, ಬೆಲ್ಲದ ಮೇಲೆ ತಪ್ಪು ಹೊರಿಸಬೇಡಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಪಡಿಸುವುದರಿಂದ ಈ ಕಾಯಿಲೆ ಬರುತ್ತದೆ. ಮನೆತನದಲ್ಲಿ ಯಾರಿಗೂ ಇಲ್ಲದ ಮಕ್ಕಳಿಗೆ ಬರುವುದೇ ಹೆಚ್ಚು. ಇಂಥ ಲಕ್ಷಣಗಳ ಜೊತೆಗೆ, ಯಾವುದೇ ಹೊತ್ತಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಪ್ರತಿ ಡೆಸಿಲೀಟರಿಗೆ 200 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ ಖಚಿತ. ಅದು ಟೈಪ್ 1 ಎಂಬುದನ್ನು ಪ್ರತಿಕಾಯಗಳ ಪರೀಕ್ಷೆ ದೃಢಪಡಿಸಬಲ್ಲದು. ಯಾರ ನಾಟಿ ಔಷಧಿಯ ಮಾತು ಕೇಳಿಯೂ ಇನ್ಸುಲಿನ್ ನಿಲ್ಲಿಸಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.